ಕಾಯಿಲೆಯವರಿಗೆ ಉಪವಾಸವಿಲ್ಲ

ಪರದೆಯ ಮೇಲೆ ಆಲ್ಫಾ ಯಾಹಾಯಾ ಅವರ ಗುದನಾಳ ಯಾರೋ ಹಿಡಿದು ಜಗ್ಗಿದಂತೆ ಸೊಟ್ಟಗೆ ಕಾಣುತ್ತಿತ್ತು. ಅದರ ಒಂದು ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಪಟ್ಟಿ. ಡಾಕ್ಟರ್ ಸಿದಿಕಾತ್ ಅದನ್ನು ನೋಡುತ್ತಾ ಏನೂ ಅನ್ನಿಸದೆ ಕುಳಿತಿದ್ದಳು. ಇಲೋರಿನ್ನಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನ ಚಿತ್ರಗಳನ್ನು ಓದುವುದೇ ಅವಳ ಕೆಲಸ. ಮೊದಮೊದಲು ಒಂದೊಂದು ಬಿಳಿ ಚುಕ್ಕೆಗೂ ಎದೆ ಧಸಕ್ಕೆನ್ನುತ್ತಿತ್ತು. ಈಗ ಎದೆ ತನ್ನ ಪಾಡಿಗೆ ತಾನಿರುತ್ತದೆ, ಕಣ್ಣು ಮಾತ್ರ ದುಡಿಯುತ್ತದೆ. ಹೀಗಾದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿಕೊಳ್ಳುವುದನ್ನೂ ಅವಳು ಬಿಟ್ಟಾಗಿತ್ತು.

ಆಲ್ಫಾ ಎಂದರೆ ಆ ಕಡೆ ಮೌಲ್ವಿ; ಇವರು ಹಳೇಪೇಟೆಯಲ್ಲಿ ಮಕ್ಕಳಿಗೆ ಕುರಾನ್ ಕಲಿಸುವವರು. ಅವರ ವಠಾರದ ಸಣ್ಣ ಮಸೀದಿಯಲ್ಲಿ ಮುಂದೆ ನಿಂತು ನಮಾಜು ಮಾಡಿಸುವವರೂ ಅವರೇ. ಗಡ್ಡೆ ಕಂಡ ಮೇಲೆ ರೇಡಿಯೇಷನ್ ಆಯಿತು, ಕೀಮೋ ಆಯಿತು. ಬೆರಳಿಗೂ ಗಡ್ಡೆ ಸಿಗದಷ್ಟು ಕರಗಿತು. ಉಳಿದಿದ್ದ ಗಾಯದ ಕಲೆಯೊಳಗೆ ಏನಾದರೂ ಜೀವ ಹಿಡಿದುಕೊಂಡಿದೆಯೇ ಎನ್ನುವುದೊಂದೇ ಪ್ರಶ್ನೆ. ಇಲ್ಲವೆಂದರೆ ಚಾಕು ಬೇಡ, ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು. ಇದೆ ಎಂದರೆ ಗುದನಾಳವನ್ನೇ ತೆಗೆದು, ಸಾಯುವವರೆಗೂ ಹೊಟ್ಟೆಯ ಮೇಲೆ ಮಲದ ಚೀಲ.

ಚೀಲ ಕಟ್ಟಿಕೊಂಡೂ ನಮಾಜು ಮಾಡಬಹುದು. ಅದನ್ನು ಊರಿಗೆಲ್ಲ ಹೇಳಿಕೊಟ್ಟವರೇ ಆಲ್ಫಾ. ಆದರೆ ಮೈಯ ಶುದ್ಧಿ ತನ್ನ ಹಿಡಿತದಲ್ಲಿಲ್ಲದವನು ಆರೋಗ್ಯವಂತರ ಮುಂದೆ ನಿಂತು ನಡೆಸುವುದು ಚೆನ್ನಲ್ಲ ಎಂದೂ ಅವರೇ ಹೇಳಿಕೊಟ್ಟಿದ್ದರು. ನಾಳೆ ಚೀಲ ಬಂದರೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಅವರಾಗಿಯೇ ಕೊನೆಯ ಸಾಲಿಗೆ ಹೋಗಿ ನಿಲ್ಲುವವರು. ಅವರು ಸಿದಿಕಾತಳನ್ನು ಕೇಳಿದ್ದೂ ಇಷ್ಟೇ.

"ನಿಂತ ಜಾಗದಲ್ಲೇ ನಿಲ್ತೀನೋ ಇಲ್ವೋ, ಅಷ್ಟು ಹೇಳಮ್ಮ ಸಾಕು."

ಅದನ್ನು ಹೇಳಬೇಕಾದದ್ದು ಈ ಎಂಆರ್‌ಐನ ಡಿಫ್ಯೂಷನ್ ಚಿತ್ರ. ಇದು ನೋಡುವುದು ಮಾಂಸವನ್ನಲ್ಲ, ಮಾಂಸದೊಳಗಿನ ನೀರಿನ ಓಡಾಟವನ್ನು. ಆರೋಗ್ಯದ ಜಾಗದಲ್ಲಿ ನೀರು ಆರಾಮಾಗಿ ಅಡ್ಡಾಡುತ್ತದೆ. ಕ್ಯಾನ್ಸರ್ ಇದ್ದಲ್ಲಿ ಜೀವಕೋಶಗಳು ಒತ್ತೊತ್ತಾಗಿ ಸೇರಿರುವುದರಿಂದ, ತುಂಬಿದ ಬಸ್ಸಿನಲ್ಲಿ ಸಿಕ್ಕಿಬಿದ್ದವರ ಹಾಗೆ ನೀರಿಗೆ ಅಲ್ಲಾಡಲು ಜಾಗವಿರುವುದಿಲ್ಲ. ಅಂಥ ಕಡೆ ಬಿಳಿ ಹೊಳೆಯುತ್ತದೆ. ಅದರ ಜೊತೆಗೊಂದು ಜೋಡಿ ಚಿತ್ರವಿದೆ, ಅದರಲ್ಲಿ ಅದೇ ಜಾಗ ಕಪ್ಪಗಿದ್ದರೆ ಮಾತ್ರ ನಂಬಬೇಕು. ಆದರೆ ಕರುಳಿನಲ್ಲಿ ಗಾಳಿ ತುಂಬಿದ್ದರೆ ಎರಡೂ ಚಿತ್ರ ಕೆಟ್ಟು ಹೋಗುತ್ತವೆ, ಇಲ್ಲದ ಬಿಳುಪು ಹುಟ್ಟಿಕೊಳ್ಳುತ್ತದೆ. ಅದಕ್ಕೇ ಮೊದಲು ಸಣ್ಣದೊಂದು ಎನಿಮಾ ಕೊಟ್ಟು ಒಳಗೆ ಖಾಲಿ ಮಾಡಿಸುವುದು.

ಆಲ್ಫಾ ಅವರ ಒಳಗೆ ಗಾಳಿ ತುಂಬಿ ತುಳುಕುತ್ತಿತ್ತು. ಯಂತ್ರ ನಡೆಸುವ ಗಾನಿಯುವನ್ನು ಕರೆದು ಕೇಳಿದರೆ, ಎನಿಮಾದ ಬಾಟಲಿಯನ್ನು ತಾನೇ ಕೈಯಾರೆ ಕೊಟ್ಟೆ, ಅವರು ಬಚ್ಚಲಿಗೆ ಹೋಗಿಬಂದು ಖಾಲಿ ಬಾಟಲಿ ವಾಪಸು ಕೊಟ್ಟರು, ಒಳಗೆ ಹೋಗಿ ಇಣುಕಲಾಗುತ್ತದೆಯೇ ಎಂದ. ಅಷ್ಟರಲ್ಲಿ ಸರ್ಜನ್ ಫಲೋದುನ್ ಅವರ ಫೋನು. ಆಪರೇಷನ್ ಥಿಯೇಟರು ಶುಕ್ರವಾರಕ್ಕೆ ಸಿಕ್ಕಿದೆ, ಅನುಮಾನ ಇದ್ದರೆ ಅನುಮಾನ ಎಂದೇ ಬರೆ, ನಾನು ತೆಗೆದುಬಿಡುತ್ತೇನೆ ಎಂದರು. ತಪ್ಪಿಲ್ಲ. ಅನುಮಾನವಿದ್ದ ಕಡೆ ಕೊಯ್ಯುವುದು ಸರ್ಜನ್ನರ ಧರ್ಮ.

ಸಿದಿಕಾತಳ ಬಾಯಿ ಒಣಗಿತ್ತು. ರಂಜಾನ್ ತಿಂಗಳು, ಅವಳಿಗೂ ಉಪವಾಸ. ಹಾಗೆಂದು ನೆನಪಾದದ್ದೇ ಎದ್ದು ಹೊರಗೆ ಬಂದಳು.

ಬೆಂಚಿನ ಮೇಲೆ ಆಲ್ಫಾ ಕೂತಿದ್ದರು, ಪಕ್ಕದಲ್ಲಿ ಹೆಂಡತಿ. ಹಿರಿಮಗನ ಹೆಸರು ಸೇರಿಸಿ ಎಲ್ಲರೂ ಆಕೆಯನ್ನು ಇಯಾ ಮುನೀರು ಎನ್ನುತ್ತಾರೆ.

"ಬಾಬಾ, ಉಪವಾಸ ಇದ್ದೀರಾ?"

ಆಲ್ಫಾ ತಲೆ ತಗ್ಗಿಸಿದರು. ಇಯಾ ಮುನೀರು ಸುಮ್ಮನಿರುವ ಹೆಂಗಸಲ್ಲ.

"ಇದ್ದಾರೆ ತಾಯಿ. ಕಾಯಿಲೆಯವರಿಗೆ ಉಪವಾಸ ಇಲ್ಲ ಅಂತ ಊರಿಗೆಲ್ಲ ಪಾಠ ಹೇಳ್ತಾರೆ. ಮನೇಲಿ ನಾನು ಹೇಳಿದ್ರೆ ಕಿವಿ ಕೇಳ್ಸಲ್ಲ."

ಹಗಲಲ್ಲಿ ಎನಿಮಾ ತೆಗೆದುಕೊಂಡರೆ ಉಪವಾಸ ಮುರಿಯುತ್ತದೆ. ಅವರು ಓದಿದ ಶಾಸ್ತ್ರ ಹಾಗೆನ್ನುತ್ತದೆ, ಆದ್ದರಿಂದ ಬಾಟಲಿಯನ್ನು ಬಚ್ಚಲಿಗೆ ಸುರಿದಿದ್ದರು. ಗಾನಿಯು ಏನೂ ಕೇಳಲಿಲ್ಲ, ನಾನೂ ಸುಳ್ಳಾಡಲಿಲ್ಲ ಎಂದು ಆಲ್ಫಾ ನಿಧಾನವಾಗಿ ವಿವರಿಸಿದರು. ಸಿದಿಕಾತಳಿಗೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

"ಕಾಯಿಲೆಯವರಿಗೆ ಮಾಫಿ ಇದೆಯಲ್ಲ ಬಾಬಾ."

"ಇದೆ ಮಗಳೇ. ನಾನು ಕಾಯಿಲೆಯವನಾ?" ಆಲ್ಫಾ ತಲೆಯೆತ್ತಿ ಅವಳನ್ನೇ ನೋಡಿದರು. "ಗಡ್ಡೆ ಸಿಗ್ತಿಲ್ಲ ಅಂದ್ರು ದೊಡ್ಡ ಡಾಕ್ಟ್ರು. ನೋವಿಲ್ಲ, ರಕ್ತ ಇಲ್ಲ. ಇದೆಯೋ ಇಲ್ಲವೋ ನೀನು ಹೇಳ್ಬೇಕು. ನೀನು ಹೇಳೋ ತನಕ ನಾನು ಗಟ್ಟಿಮುಟ್ಟಾಗಿರೋನು. ಗಟ್ಟಿಮುಟ್ಟಾಗಿರೋನಿಗೆ ಉಪವಾಸ ತಪ್ಪಿಸೋ ಹಕ್ಕಿಲ್ಲ."

ಇನ್ನೊಮ್ಮೆ ಚಿತ್ರ ತೆಗೆಯಲೇಬೇಕು, ಇಲ್ಲದಿದ್ದರೆ ಬರಿಯ ಗಾಳಿಯನ್ನು ನಂಬಿ ಶುಕ್ರವಾರ ನಿಮ್ಮನ್ನು ಕೊಯ್ಯುತ್ತಾರೆ ಎಂದು ಮುಖಕ್ಕೇ ಹೇಳಿದಳು. ಹೊತ್ತು ಮುಳುಗಿದ ಮೇಲೆ ಏನು ಮಾಡಿದರೂ ಸರಿ ಎಂದರು ಆಲ್ಫಾ. ಸಂಜೆಯ ಯಂತ್ರಕ್ಕೆ ಜನರೇಟರು ಬೇಕು, ಗಾನಿಯು ನಿಲ್ಲಬೇಕು. ಗಾನಿಯು ಗೊಣಗಿಕೊಂಡೇ ನಿಂತ.

ಬಾಂಗು ಕೇಳಿದ ಮೇಲೆ ಆ ಬೆಂಚಿನ ಮೇಲೆಯೇ ಎಲ್ಲರೂ ಖರ್ಜೂರ ತಿಂದರು. ಇಯಾ ಮುನೀರು ಫ್ಲಾಸ್ಕಿನಲ್ಲಿ ತಂದಿದ್ದ ಜೋಳದ ಗಂಜಿಯನ್ನು ಗಾನಿಯುವಿಗೂ ಸಿದಿಕಾತಳಿಗೂ ಬಗ್ಗಿಸಿಕೊಟ್ಟಳು. ಆಲ್ಫಾಗೆ ಖರ್ಜೂರವಷ್ಟೇ. ಅವರು ಬಾಟಲಿ ಹಿಡಿದು ಬಚ್ಚಲಿಗೆ ಹೋದರು, ಈ ಸಲ ಬರಲು ತಡವಾಯಿತು.

ಹೊಸ ಚಿತ್ರಗಳು ಬಂದ ಮೇಲೆ ಸಿದಿಕಾತ್ ಪರದೆಯ ಮುಂದೆ ಕುಳಿತಳು. ಗಾಳಿ ಹೋಗಿತ್ತು. ಸೊಟ್ಟಗಿದ್ದ ಗೋಡೆ ನೆಟ್ಟಗಾಗಿತ್ತು. ಬೆಳಗ್ಗೆ ಕಂಡಿದ್ದ ದಪ್ಪ ಬಿಳಿ ಪಟ್ಟಿ ಮಾಯವಾಗಿತ್ತು, ಅದು ಸುಳ್ಳೇ ಆಗಿತ್ತು. ಆದರೆ ಅದರ ಮರೆಯಲ್ಲಿದ್ದ ಇನ್ನೊಂದು ಚುಕ್ಕೆ ಕಾಣುತ್ತಿತ್ತು. ಚಿಕ್ಕದು. ಅವಳು ಜೋಡಿ ಚಿತ್ರ ತೆರೆದಳು. ಅದೇ ಜಾಗ ಕಪ್ಪಗಿತ್ತು. ಹಿಂದಿನ ಚಿತ್ರಗಳ ಜೊತೆ ಇಟ್ಟು ನೋಡಿದಳು, ಬೇರೆ ಕೋನದಿಂದ ನೋಡಿದಳು. ಕಪ್ಪೇ. ಗಾನಿಯು ಹಿಂದೆ ನಿಂತು ನೋಡುತ್ತಿದ್ದವನು ಜನರೇಟರು ಆರಿಸಲು ಹೋದ.

ಮರುದಿನ ಮಧ್ಯಾಹ್ನ ಗಂಡಹೆಂಡಿರು ಸರ್ಜನ್ನರ ಹತ್ತಿರ ಹೋಗದೆ ನೇರ ಇವಳ ಬಾಗಿಲಿಗೇ ಬಂದರು. ಹೊರಗಿನ ಬೆಂಚುಗಳಲ್ಲಿ ಸರದಿಗೆ ಕಾಯುವವರು ತುಂಬಿದ್ದರು. ಸಿದಿಕಾತ್ ಹೇಳಬೇಕಾದ್ದನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಉಳಿದಿದೆ, ಚಿಕ್ಕದು, ಆದರೆ ಜೀವವಿದೆ. ಡಾಕ್ಟರ್ ಫಲೋದುನ್ ತೆಗೆಯಬೇಕಾಗುತ್ತದೆ. ಅವಳ ದನಿ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಲ್ಫಾ ತಮ್ಮ ಅಂಗೈಗಳನ್ನು ನೋಡಿಕೊಂಡರು.

"ಖಂಡಿತಾನಾ ಮಗಳೇ?"

"ಖಂಡಿತ ಬಾಬಾ."

"ಸರಿ. ಹಾಗಾದ್ರೆ ಕುಡಿಯೋಕೆ ನೀರು ಕೊಡಿ."

ಇಯಾ ಮುನೀರು ಗಂಡನ ಮುಖ ನೋಡಿದಳು. ತಿಂಗಳಿಡೀ ಬೈದು ಹೇಳಿದ್ದಳು, ಈಗ ಕೈ ಮೇಲೇಳಲಿಲ್ಲ. ಗಾನಿಯುವೇ ಹೋಗಿ ನೀರಿನ ಸಣ್ಣ ಪ್ಯಾಕೆಟ್ಟೊಂದನ್ನು ತಂದುಕೊಟ್ಟ. ಆಲ್ಫಾ ಅದನ್ನು ಹಿಡಿದುಕೊಂಡು ಹೊರಗೆ ಬಂದು, ಎಲ್ಲರ ನಡುವೆ ಬೆಂಚಿನ ಮೇಲೆ ಕುಳಿತರು. ಬಿಸ್ಮಿಲ್ಲಾ ಎಂದು ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ, ನಿಧಾನವಾಗಿ ಕುಡಿಯತೊಡಗಿದರು.

ಎದುರು ಬೆಂಚಿನಲ್ಲಿ ಅವರ ಹಳೆಯ ಶಿಷ್ಯನೊಬ್ಬ ತನ್ನ ತಾಯಿಯನ್ನು ಕರೆತಂದಿದ್ದ. ಅವನು ಗಾಬರಿಯಿಂದ ಅರ್ಧ ಎದ್ದ.

"ಆಲ್ಫಾ, ಹಗಲು ಹೊತ್ತು..."

ಆಲ್ಫಾ ಕುಡಿಯುವುದನ್ನು ನಿಲ್ಲಿಸಲಿಲ್ಲ, ಅವನತ್ತ ನೋಡಿ ತಲೆಯಾಡಿಸಿದರು ಅಷ್ಟೇ. ಕಾಯಿಲೆಯವರ ಪಾಠವನ್ನು ಅವರಿಂದಲೇ ಕಲಿತಿದ್ದ ಶಿಷ್ಯನಿಗೆ ತಿಳಿಯಿತು. ಅವನು ಮೆಲ್ಲಗೆ ಕುಳಿತುಕೊಂಡು ನೆಲ ನೋಡತೊಡಗಿದ.