ಕುರಿ ತಕ್ಕಡಿಯ ಮೇಲೆ ಕರಿಯಕ್ಕ

ಊಟ ಬಲ್ಲವರಿಗೆ ರೋಗವಿಲ್ಲ, ಮಾತು ಬಲ್ಲವರಿಗೆ ಜಗಳವಿಲ್ಲ ಎನ್ನುತ್ತಾರೆ. ಹುಟ್ಟಿ ಬೆಳೆದದ್ದು ಜಗಳೂರು ಸೀಮೆಯಲ್ಲಾದರೂ ಕರಿಯಕ್ಕನಿಗೆ ಯಾರ ಜೊತೆಗೂ ಜಗಳವಿರಲಿಲ್ಲ. ಮಾತು ಅಷ್ಟು ಚೆನ್ನಾಗಿ ಬಲ್ಲವಳು. ತಕರಾರು ಇದ್ದದ್ದು ಊಟದ್ದು.

ಬಸ್ ಕಂಡಕ್ಟರ್‌ನಿಂದ ಹಿಡಿದು ಬ್ಯಾಂಕ್ ಮ್ಯಾನೇಜರ್‌ವರೆಗೆ ಯಾರ ದನಿಯನ್ನು ಬೇಕಾದರೂ ಅಣಕಿಸಿ ತೋರಿಸುತ್ತಿದ್ದ ಕರಿಯಕ್ಕ, ಈಚೆಗೆ ತನ್ನ ಮಂಡಿಯ ದನಿಯನ್ನೂ ಕಲಿತಿದ್ದಳು. ಕೂತರೆ ‘ಕಟಕ್’, ಎದ್ದರೆ ‘ಕಟಕಟ ಕಟಕ್’.

“ನನ್ ಮಂಡಿ ಒಳಗೆ ಯಾರೋ ಶೇಂಗಾ ಸುಲೀತಾ ಕುಂತಾರೆ ಕಣ್ರೀ” ಎಂದು ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ನಗಿಸುತ್ತಿದ್ದಳು. ನಕ್ಕು ಏಳುವಾಗ ಮಾತ್ರ ಗೋಡೆ ಹಿಡಿಯುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳ ಕಾಲು ಉಳುಕಿತ್ತು. ಅಲ್ಲಿಯವರೆಗೆ ದಿನವಿಡೀ ಕುರಿ ಹಿಂದೆ ನಡೆಯುತ್ತಿದ್ದವಳು, ತಿಪ್ಪೇರುದ್ರನೆಂಬ ಆಳಿನ ಕೈಗೆ ಹಿಂಡು ಒಪ್ಪಿಸಿ ಮನೆಯಲ್ಲಿ ಕೂತಳು. ಕಾಲು ವಾಸಿಯಾಯಿತು, ಕೂರುವ ಚಟ ವಾಸಿಯಾಗಲಿಲ್ಲ. ನಡೆಯುವ ಕಾಲದ ಎರಡು ಮುದ್ದೆ ಕೂತ ಮೇಲೂ ಎರಡೇ ಉಳಿಯಿತು. ಮೇಲೆ ದಿನಕ್ಕೆ ಆರು ಲೋಟ ಸಿಹಿ ಟೀ, ಸಂಘದ ಮೀಟಿಂಗಿಗೆ ಮಂಡಕ್ಕಿ ಮೆಣಸಿನಕಾಯಿ, ಮೊಮ್ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನ. ಅನ್ನ ಚೆಲ್ಲಬಾರದಲ್ಲ! ಹಾಗಾಗಿ ಅದನ್ನು ಹೊಟ್ಟೆಗೆ ಚೆಲ್ಲಿಕೊಳ್ಳುತ್ತಿದ್ದಳು.

ಸಂಕ್ರಾಂತಿ ಕಳೆದ ವಾರ ತಿಪ್ಪೇರುದ್ರ, ಬಕ್ರೀದ್ ಆದ ಮೇಲೆ ಕೆಲಸಕ್ಕೆ ಬರುವುದಿಲ್ಲ ಎಂದುಬಿಟ್ಟ. ಕರಿಯಕ್ಕನ ಗಂಡ ಜಂಪಣ್ಣ ಅಂದೇ ತೀರ್ಮಾನ ಹೇಳಿದ.

“ಇನ್ನು ಕುರಿ ಹಿಂದೆ ನಡೆಯೋರು ಯಾರು? ನಂಗೆ ಹೊಲದ ಕೆಲಸ. ನೀನು ಬಚ್ಚಲಿಗೆ ಹೋಗಾಕೇ ಬಾಗಿಲು ಹಿಡೀತಿ. ಬಕ್ರೀದ್‌ಗೆ ಹಿಂಡು ಪೂರಾ ವ್ಯಾಪಾರಿ ಅಮೀರ್‌ಜಾನ್‌ಗೆ ಕೊಟ್ಟುಬಿಡಾನ.”

ಕರಿಯಕ್ಕ ಸಂಘದ ನೆರವಿನಿಂದ ತಂದ ಎರಡು ಕುರಿ ಮೂವತ್ತೆರಡಾಗಿದ್ದವು. ಒಂದೊಂದಕ್ಕೂ ಹೆಸರಿತ್ತು. ಒಂದೊಂದರ ಕೂಗೂ ಅವಳ ಗಂಟಲಲ್ಲಿತ್ತು.

“ಬಕ್ರೀದ್ ಒಳಗೆ ನಾನೇ ಕುರಿ ಹಿಂದೆ ನಡೆದು ತೋರಿಸ್ತೀನಿ. ನಡೀಲಿಲ್ಲ ಅಂದ್ರೆ ಮಾರ್ರಿ” ಎಂದಳು.

ಮರುದಿನ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋದಳು. ಆರೋಗ್ಯಾಧಿಕಾರಿ ಚೈತ್ರಶ್ರೀ ತೂಗಿ ನೋಡಿದಳು: ಎಂಬತ್ನಾಲ್ಕು ಕೆ.ಜಿ. ಸಕ್ಕರೆ ಕಾಯಿಲೆಗೆ ಮಾತ್ರೆ ಬೇರೆ ನಡೆಯುತ್ತಿತ್ತು.

“ಒಂದು ಕೆ.ಜಿ. ಇಳಿದ್ರೆ, ನಡೆಯೋವಾಗ ಮಂಡಿ ಮೇಲೆ ನಾಲ್ಕು ಕೆ.ಜಿ. ಭಾರ ಇಳಿದಂಗೆ ಕರಿಯಕ್ಕ. ಐದಾರು ತಿಂಗಳಲ್ಲಿ ಐದಾರು ಕೆ.ಜಿ. ಇಳಿಸಿದ್ರೆ ಸಾಕು. ಮಂಡಿಗೂ ಒಳ್ಳೇದು, ಶುಗರಿಗೂ ಒಳ್ಳೇದು.”

“ತಿಂಗಳಿಗೆ ಒಂದಾ? ಮೇಡಂ, ನಾನು ಇಳಿಯೋದ್ರೊಳಗೆ ನನ್ ಕುರಿ ಲಾರಿ ಹತ್ತಿರ್ತಾವೆ!”

ಅವಸರ ಅವಳನ್ನು ನೇರ ಸಂತೆಗೆ ಕರೆದೊಯ್ದಿತು. ಅಲ್ಲೊಬ್ಬ ಮೈಕ್ ಹಿಡಿದು ಡಬ್ಬಿ ಮಾರುತ್ತಿದ್ದ: “ಹದಿನೈದು ದಿನ, ಹತ್ತು ಕೆ.ಜಿ.! ಹಸಿವಿಲ್ಲ, ಹಠವಿಲ್ಲ, ಹಾಸ್ಪಿಟಲ್ ಇಲ್ಲ!” ಕರಿಯಕ್ಕ ಅವನ ದನಿಯನ್ನೂ ಕಲಿತಳು, ಡಬ್ಬಿಯನ್ನೂ ತಂದಳು. ಹೊತ್ತೊತ್ತಿಗೆ ಒಂದು ಚಮಚ ಪುಡಿ, ರಾತ್ರಿಗೆ ಒಂದು ಲೋಟ ಮಜ್ಜಿಗೆ. ಮುದ್ದೆಯಿಲ್ಲ, ಅನ್ನವಿಲ್ಲ. ಪುಡಿ ಹೊಟ್ಟೆಗೆ ಬಿದ್ದರೆ ಸಾಕು, ದಿನಕ್ಕೆ ಐದಾರು ಸಲ ಕೆರೆ ಕಡೆ ಅಲ್ಲದಿದ್ದರೂ ಹಿತ್ತಲ ಕಡೆಯ ಶೌಚಾಲಯಕ್ಕೆ ಓಟ. “ನಡೆಯಾಕೆ ಆಗಲ್ಲ ಅಂದ್ರಲ್ಲ, ಈಗ ಓಡ್ತಾ ಇದೀನಿ ನೋಡ್ರಿ” ಎಂದು ಗಂಡನಿಗೆ ಹೇಳಿದಳು.

ಆರನೇ ದಿನ, ಚೈತ್ರಶ್ರೀಗೆ ಹೇಳದೆ ತೂಕ ನೋಡಿಕೊಳ್ಳಲು ಜಗಳೂರಿಗೆ ಹೋದಳು. ಕುರಿ ವ್ಯಾಪಾರಿ ಅಮೀರ್‌ಜಾನ್ ದೊಡ್ಡಿಯಲ್ಲಿ ಸುತ್ತ ಕಬ್ಬಿಣದ ಕಂಬಿ ಇರುವ ದೊಡ್ಡ ತಕ್ಕಡಿಯಿತ್ತು. ಕರಿಯಕ್ಕ ಚಪ್ಪಲಿ ಬಿಟ್ಟು, ಕಂಬಿ ಹಿಡಿದು ಅದರ ಮೇಲೆ ನಿಂತಳು. ಪಕ್ಕದಲ್ಲಿದ್ದ ಟಗರೊಂದು ಅವಳನ್ನೇ ನೋಡಿತು.

ಎಂಬತ್ತು!

“ಸಂತೆ ಡಬ್ಬಿ ಪುಡಿ ತಿಂದು ಆರು ದಿನಕ್ಕೆ ನಾಲ್ಕು ಕೆ.ಜಿ.! ಹೆಂಗೆ ಅಮೀರಣ್ಣ?” ಎಂದವಳೇ ಚೈತ್ರಶ್ರೀಯ ಮೆಲುದನಿ ತೆಗೆದಳು: “‘ತಿಂಗಳಿಗೆ ಒಂದು ಸಾಕು ಕರಿಯಕ್ಕ…’”

ಅವಳ ಅಣಕಕ್ಕೆ ಯಾವಾಗಲೂ ಮೊದಲು ನಗುವವನೇ ಅಮೀರ್‌ಜಾನ್. ಇಂದು ನಗಲಿಲ್ಲ. ಅವಳ ಒಣಗಿದ ತುಟಿ ನೋಡುತ್ತಿದ್ದ.

“ಅಕ್ಕಾ, ಬೇಜಾರ್ ಮಾಡ್ಕೋಬ್ಯಾಡ್ರಿ. ಹೋದ್ ವರ್ಷ ನೀವು ನಂಗೊಂದು ಕರೀ ಟಗರು ಕೊಟ್ರಿ. ನೆನಪೈತಾ?”

ಕರಿಯಕ್ಕನಿಗೆ ನೆನಪಿತ್ತು. ಮರೆತಂತೆ ಆಕಾಶ ನೋಡಿದಳು.

“ಸಂಜೆ ಇದೇ ತಕ್ಕಡೀಲಿ ನಲವತ್ತೊಂದು ಬಂತು. ಬೆಳಿಗ್ಗೆ ಎದ್ದು ನೋಡಿದ್ರೆ ಮೂವತ್ತೆಂಟು. ಮೂರು ಕೆ.ಜಿ. ಎಲ್ಲಿ ಹೋಯ್ತು ಅಕ್ಕಾ? ಮಾಂಸ ಹೋಯ್ತಾ? ಕೊಬ್ಬು ಹೋಯ್ತಾ?”

“…ನೀರು” ಎಂದಳು ಕರಿಯಕ್ಕ, ನೆಲಕ್ಕೆ ಕೇಳಿಸುವಷ್ಟು ಸಣ್ಣಗೆ. ಸಂತೆಯ ದಿನ ಟಗರಿಗೆ ಉಪ್ಪು ನೆಕ್ಕಿಸಿ, ಬಕೆಟ್‌ಗಟ್ಟಲೆ ನೀರು ಕುಡಿಸಿ ತೂಕಕ್ಕೆ ನಿಲ್ಲಿಸಿದವಳು ಅವಳೇ.

“ಅವತ್ತು ನೀವು ಟಗರಿಗೆ ನೀರು ತುಂಬಿಸಿದ್ರಿ. ಈಗ ಆ ಡಬ್ಬಿಯೋನು ನಿಮ್ ಮೈಯಿಂದ ನೀರು ಖಾಲಿ ಮಾಡ್ಸಿದಾನೆ. ಭೇದಿ ಆಗ್ತಿಲ್ವಾ? ಹೋಗಿದ್ದು ನೀರು. ಕೊಬ್ಬು ಹಂಗೇ ಐತೆ. ಮೂವತ್ತು ವರ್ಷದಿಂದ ತಕ್ಕಡಿ ಹಿಡಿದೋನು ಹೇಳ್ತಿದೀನಿ, ಆರು ದಿನದಾಗೆ ಬರೋ ತೂಕಾನೂ ಸುಳ್ಳು, ಹೋಗೋ ತೂಕಾನೂ ಸುಳ್ಳು.”

ಉತ್ತರ ಕೊಡಲು ಕರಿಯಕ್ಕ ಬಾಯಿ ತೆರೆದಳು. ಕೈ ನಡುಗಿತು, ಮೈಯೆಲ್ಲ ತಣ್ಣನೆ ಬೆವರಿತು, ಕಂಬಿ ಕೈಜಾರಿತು. ಅಮೀರ್‌ಜಾನ್ “ನೂರ್‌ಜಹಾನ್, ಬೇಗ ಬಾ!” ಎಂದು ಹೆಂಡತಿಯನ್ನು ಕೂಗಿದ. ನೂರ್‌ಜಹಾನ್ ಓಡಿ ಬಂದು ಅವಳನ್ನು ಕೂರಿಸಿ, ಹೆಗಲಿಗೆ ತಲೆ ಆನಿಸಿಕೊಂಡು, ನಿಧಾನ ಗುಟುಕು ಗುಟುಕಾಗಿ ಸಕ್ಕರೆ ನೀರು ಕುಡಿಸಿದಳು. ಹತ್ತು ನಿಮಿಷಕ್ಕೆ ಕಣ್ಣು ತಿಳಿಯಾಯಿತು. ದಂಪತಿಗಳು ಅವಳನ್ನು ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು.

ಮರುದಿನ ಚೈತ್ರಶ್ರೀ ಮನೆಗೇ ಬಂದಳು. ಬೈಯಲಿಲ್ಲ. ಡಬ್ಬಿ ತಿರುಗಿಸಿ ನೋಡಿದಳು. ಒಳಗೇನಿದೆ ಎಂದು ಒಂದಕ್ಷರವೂ ಇರಲಿಲ್ಲ.

“ಶುಗರ್ ಮಾತ್ರೆ ನುಂಗಿ ಊಟ ಬಿಟ್ರೆ ಸಕ್ಕರೆ ಪಾತಾಳಕ್ಕೆ ಇಳೀತದೆ. ಅಮೀರಣ್ಣ, ನೂರಕ್ಕ ಇದ್ದಿದ್ದಕ್ಕೆ ಬಚಾವಾದ್ರಿ. ಒಬ್ರೇ ಇದ್ದಿದ್ರೆ?”

ಜಂಪಣ್ಣ ಮೂಲೆಯಿಂದ ಗೊಣಗಿದ: “ಇಳಿಸೋದೂ ಬ್ಯಾಡ, ಏರಿಸೋದೂ ಬ್ಯಾಡ. ಈ ವಯಸ್ಸಿಗೆ ಮೈ ಬಗ್ಗತೈತಾ? ಕುರಿ ಮಾರಿದ್ರಾಯ್ತು.”

“ಜಂಪಣ್ಣ, ಬೇಸಿಗೇಲಿ ಒಣ ಮೇವು ತಿಂದ ಕುರೀನ ಮಳೆ ಬಿದ್ದ ಕೂಡ್ಲೇ ಹಸಿ ಹುಲ್ಲಿಗೆ ಬಿಡ್ತೀರಾ?” ಚೈತ್ರಶ್ರೀ ಕೇಳಿದಳು.

“ಛೆ! ಹೊಟ್ಟೆ ಉಬ್ಬಿ ಸಾಯ್ತಾವೆ. ದಿನಾ ಒಂದೊಂದು ಹಿಡಿ ರೂಢಿ ಮಾಡ್ಸಬೇಕು” ಎಂದದ್ದು ಕರಿಯಕ್ಕ. ಹೇಳಿದ ಮೇಲೆ ಹೊಳೆಯಿತು: ಕುರಿಗೆ ಹಾಕುವ ನ್ಯಾಯವನ್ನು ತನಗೆ ಹಾಕಿಕೊಂಡಿರಲಿಲ್ಲ.

ಅಂದಿನಿಂದ ಒಂದೊಂದೇ ಹಿಡಿ ಬದಲಾಯಿತು. ಮಾತ್ರೆಯನ್ನು ಎಷ್ಟು ತೆಗೆದುಕೊಳ್ಳಬೇಕೆಂದು ಡಾಕ್ಟರೇ ನೋಡಿ ಹೇಳಿದರು. ಎರಡು ಮುದ್ದೆ ಒಂದಾಯಿತು. ತಟ್ಟೆಯ ಅರ್ಧ ಭಾಗಕ್ಕೆ ಸೊಪ್ಪು, ತರಕಾರಿ ಬಂತು, ಜೊತೆಗೆ ಕಾಳು, ಇಲ್ಲವೇ ಮೊಟ್ಟೆ. ಮೂರು ಹೊತ್ತಿನ ಊಟ ಮಾತ್ರ ತಪ್ಪಲಿಲ್ಲ. ಟೀ ಆರರಿಂದ ಎರಡಕ್ಕಿಳಿದು, ಸಕ್ಕರೆ ಮೆಲ್ಲಗೆ ಜಾಗ ಖಾಲಿ ಮಾಡಿತು. ಮೊಮ್ಮಕ್ಕಳಿಗೆ ಮೊದಲೇ ಕಡಿಮೆ ಬಡಿಸುವುದು ರೂಢಿಯಾಯಿತು. ನಡಿಗೆ ಮೊದಲ ವಾರ ಹುಣಸೆ ಮರದವರೆಗೆ, ಆಮೇಲೆ ಶಾಲೆಯವರೆಗೆ. ಚೈತ್ರಶ್ರೀ ಹೇಳಿಕೊಟ್ಟಂತೆ ಕುರ್ಚಿಯಲ್ಲಿ ಕೂತು ಕಾಲು ನೀಡುವ ವ್ಯಾಯಾಮ ಬೇರೆ.

ಮೊದಲ ತಿಂಗಳು ಒಂದೂವರೆ ಕೆ.ಜಿ. ಇಳಿಯಿತು. ನಂತರ ಮೂರು ವಾರ ತೂಕದ ಮುಳ್ಳು ಅಲ್ಲಾಡಲಿಲ್ಲ. ತಂಗಿ ಮಗಳ ಮದುವೆಯಲ್ಲಿ ಹೋಳಿಗೆ ಕರೆಯಿತು, ಕರಿಯಕ್ಕ ಓಗೊಟ್ಟಳು. ತೂಕ ಒಂದು ಕೆ.ಜಿ. ಏರಿತು. ಅಳುತ್ತಾ ಚೈತ್ರಶ್ರೀಗೆ ಫೋನ್ ಮಾಡಿದಳು.

“ಒಂದು ಕುರಿ ಬೇಲಿ ಹಾರಿದ್ರೆ ಇಡೀ ಹಿಂಡು ಬಿಟ್ಟು ಮನೆಗೆ ಬರ್ತೀರಾ? ವಾಪಸ್ ಹೊಡ್ಕೊಂಡು ಬರ್ರಿ, ಅಷ್ಟೇ. ನಾಳೆ ಬೆಳಿಗ್ಗೆಯಿಂದ ಮತ್ತೆ ನಡೀರಿ” ಎಂದಳು ಚೈತ್ರಶ್ರೀ.

ನಡೆದಳು. ಏಪ್ರಿಲ್‌ನಲ್ಲಿ ತಿಪ್ಪೇರುದ್ರನ ಜೊತೆ ಕುರಿ ಹಿಂದೆ ಅರ್ಧ ದಾರಿ, ಮೇ ತಿಂಗಳಲ್ಲಿ ತಂಪು ಹೊತ್ತಿನಲ್ಲಿ ಪೂರ್ತಿ ದಾರಿ. ಅದೇ ಅಡುಗೆ ಉಂಡ ಜಂಪಣ್ಣನ ಪ್ಯಾಂಟೂ ಸಡಿಲವಾಗಿ, ಅವನು ಮಾತಾಡುವಾಗ ಒಂದು ಕೈ ಸೊಂಟದ ಮೇಲೇ ಇರುತ್ತಿತ್ತು. ಕರಿಯಕ್ಕ ಅದನ್ನೂ ಅಣಕಿಸಿ ತೋರಿಸಿದಳು.

ಬಕ್ರೀದಿಗೆ ಒಂದು ವಾರವಿತ್ತು. ಜಂಪಣ್ಣ ಹಿಂಡಿನ ಮುಂದೆ ನಿಂತು ಕುರಿ ಎಣಿಸಿದ.

“ಮೂರು ಟಗರು ಮಾತ್ರ ಕೊಡಾನ. ಉಳಿದವು ನಿನ್ನವು. ನೀನೇ ಕಾಯಿ” ಎಂದ.

ಆ ಮೂರು ಟಗರುಗಳ ಹಿಂದೆ ಕರಿಯಕ್ಕ ಜಗಳೂರಿನವರೆಗೆ ನಡೆದೇ ಹೋದಳು. ಅಮೀರ್‌ಜಾನ್ ಟಗರು ತೂಗಿದ. ನೂರ್‌ಜಹಾನ್ ಒಳಗಿನಿಂದ ಸಕ್ಕರೆ ಇಲ್ಲದ ಟೀ ತಂದಳು. ಕರಿಯಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು.

“ಅವತ್ತು ನೀವು ಸುಮ್ನಿದ್ದಿದ್ರೆ ಮೂವತ್ತೆರಡೂ ಕುರಿ ಇವತ್ತು ನಿಮ್ ದೊಡ್ಡೀಲಿರ್ತಿದ್ವು ಅಮೀರಣ್ಣ. ನಿಮ್ ಲಾಭ ಬಿಟ್ಟು ನಂಗೆ ನಿಜ ಹೇಳಿದ್ರಿ. ಈ ಋಣ ಹೆಂಗೆ ತೀರಿಸ್ಲಿ?”

“ಲಾಭ ಏನ್ ಬಿಡ್ರಿ ಅಕ್ಕಾ. ನೀವಿಲ್ದಿದ್ರೆ ಈ ದೊಡ್ಡೀಲಿ ನಗಿಸೋರು ಯಾರು, ಆ ಟಗರಾ?”

ಮರುದಿನ ಬೆಳಿಗ್ಗೆ ಅವನ ಫೋನ್ ಬಂತು. “ಟಗರುಗಳ್ನ ಮತ್ತೆ ತೂಗಿದೆ ಅಕ್ಕಾ. ಅರ್ಧ ಕೆ.ಜಿ. ಆಚೀಚೆ ಅಷ್ಟೇ, ಅದು ಹಿಕ್ಕೆ ಲೆಕ್ಕ. ನೀರು ಕುಡಿಸಿಲ್ಲ ನೀವು! ನಿಮ್ ತೂಕ ಎಷ್ಟು?”

“ಎಪ್ಪತ್ತೆಂಟು ಅಮೀರಣ್ಣ. ನಂದೂ ಈ ಸಲ ನೀರಲ್ಲ.”

ಅದಾಗಿ ವರ್ಷ ಕಳೆದಿದೆ. ಕರಿಯಕ್ಕ ಈಗಲೂ ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ತೂಕ ನೋಡಿಕೊಳ್ಳುತ್ತಾಳೆ. ಒಂದು ಕೆ.ಜಿ. ಏರಿದರೆ ಆ ವಾರವೇ ಎಚ್ಚರವಾಗುತ್ತಾಳೆ. ಎಪ್ಪತ್ತೆಂಟು ಎಪ್ಪತ್ತೆಂಟಾಗಿಯೇ ನಿಂತಿದೆ, ಏಕೆಂದರೆ ಅವಳು ನಿಂತಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂತೆಗೂ ಮೈಕ್ ಹಿಡಿದವನು ಬರುತ್ತಾನೆ. ಅವನ ಡಬ್ಬಿಗೆ ಕೈ ಚಾಚುವ ಮೊದಲು ನಿಮ್ಮೂರಿನ ಆರೋಗ್ಯ ಕೇಂದ್ರದ ಬಾಗಿಲು ತಟ್ಟಿ. ಊಟ ಬಿಡಬೇಡಿ, ಊಟ ತಿದ್ದಿಕೊಳ್ಳಿ. ಸಕ್ಕರೆ, ಬಿ.ಪಿ. ಮಾತ್ರೆ ನುಂಗುವವರು, ಬಸುರಿ ಬಾಣಂತಿಯರು ಡಾಕ್ಟರನ್ನು ಕೇಳದೆ ತೂಕ ಇಳಿಸಲು ಹೊರಡಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಮನೆಯಿಂದ ಹತ್ತಿರದ ಒಂದು ಮರದವರೆಗೆ ನಡೆದು ಬನ್ನಿ. ನಿಮ್ಮ ಒಳಿತಿಗಾಗಿ ಕಹಿಯಾದ ನಿಜ ಹೇಳುವವರು ಒಬ್ಬರಾದರೂ ಇದ್ದರೆ, ದಾರಿಯಲ್ಲಿ ಅವರ ಮನೆ ಮುಂದೆ ನಿಂತು ಒಂದು ನಮಸ್ಕಾರ ಹೇಳಿ.