ಗೊರಸಿನ ಡಿಸೈನು

ನಮ್ಮ ಅಣ್ಣ ಶಿವಪ್ರಸಾದನಿಗೆ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಕೆಲಸ. ಅಲ್ಲಿಯ ಸಾಹೇಬರು ವಳಕಮದಿನ್ನಿಯ ನಮ್ಮ ಮನೆಗೆ ಊಟಕ್ಕೆ ಬರುತ್ತೇನೆ ಅಂದ ದಿನದಿಂದ ಅಣ್ಣನಿಗೆ ಮನೆಯ ಮುಂದಿನ ಮಣ್ಣಿನ ಅಂಗಳ ಕಂಡರೆ ಆಗದಂತಾಯಿತು. ಅದೇ ಮಣ್ಣಲ್ಲಿ ಗೋಲಿ ಆಡಿ ಬೆಳೆದವನು ಈಗ ಮೋಟರ್‌ಸೈಕಲ್ಲಿನಿಂದ ಇಳಿದ ಕೂಡಲೇ ಬೂಟಿನ ಧೂಳು ಕೊಡವುತ್ತ ನಿಲ್ಲುತ್ತಿದ್ದ.

ಅಜ್ಜಿ ತಿಮ್ಮವ್ವನಿಗೆ ಮಾತ್ರ ಆ ಮಣ್ಣು ಬೇಕಾಗಿತ್ತು. ಆಕೆಗೆ ಕಣ್ಣು ಹೋಗಿ ಆರು ವರ್ಷವಾಯಿತು. ಆದರೂ ಬೆಳಗಾದರೆ ಕಟ್ಟೆ ಇಳಿದು ತಾನೇ ನಳದ ಹತ್ತಿರ ಹೋಗಿ ಮುಖ ತೊಳೆಯುತ್ತಾಳೆ. ಕಟ್ಟೆಯ ಹತ್ತಿರ ಮೆತ್ತನೆಯ ಮಣ್ಣು, ನಡುವೆ ಚುಚ್ಚುವ ಗರಸಿನ ಹರಳು, ಆಮೇಲೆ ಹಸಿ ನೆಲ ಸಿಕ್ಕರೆ ನಳ ಬಂತು ಅಂತ ಅರ್ಥ. ಎಲ್ಲವನ್ನೂ ಪಾದದಲ್ಲೇ ಓದುತ್ತಾಳೆ. ಯಾರಾದರೂ ಕೈ ಹಿಡಿಯಲು ಹೋದರೆ, “ಕೈ ಹಿಡಿಸ್ಕೊಳ್ಳೋ ದಿನ ನಾ ಮಂಚ ಬಿಟ್ಟು ಏಳಂಗಿಲ್ಲ, ತಿಳೀತಾ?” ಅನ್ನುತ್ತಾಳೆ.

ಅಣ್ಣ ಸಿಂಧನೂರಿನಲ್ಲಿ ಯಾರನ್ನೋ ಕೇಳಿ ವೀರೇಶ ಎಂಬ ಗುತ್ತಿಗೆದಾರನನ್ನು ಕರೆತಂದ. ಹಸಿ ಕಾಂಕ್ರೀಟಿಗೆ ಬಣ್ಣ ಹಾಕಿ, ಮೇಲೆ ರಬ್ಬರಿನ ಅಚ್ಚು ಒತ್ತಿ, ಹಾಸುಗಲ್ಲಿನ ಹಾಗೆ ಕಾಣಿಸುವ ಕೆಲಸ ಅವನದು. ಕೈಗೆ ಮೂರು ಉಂಗುರ, ಕಿಸೆಯಲ್ಲಿ ಎರಡು ಫೋನು. ಒಂದರಲ್ಲಿ ತಾನು ಮಾಡಿದ ಅಂಗಳಗಳ ಫೋಟೋ ತೋರಿಸಿದ.

“ಇದು ಲಿಂಗಸುಗೂರಾಗ ಮಾಡಿದ್ದು ನೋಡ್ರಿ.”

ನಾನು ಚಹಾ ಇಡುತ್ತ ನೋಡಿದೆ. ಅಂಗಳ ಚೆನ್ನಾಗಿತ್ತು. ಫೋಟೋದಲ್ಲಿ ಅದರ ಹಿಂದಿದ್ದ ಮನೆಯ ಮಾಳಿಗೆಯ ಮೇಲೆ ಮೊಳದೆತ್ತರ ಹಿಮ ಬಿದ್ದಿತ್ತು.

“ಹಳೇ ಗಿರಾಕಿ ಯಾರಾದ್ರೂ ಇದ್ರ ಮಾತಾಡಸ್ಲೇನು?” ಅಂದ ಅಣ್ಣ. ತಾನು ಬಹಳ ಹುಷಾರು ಎಂದು ತೋರಿಸಬೇಕಲ್ಲ. ವೀರೇಶ ಮಸ್ಕಿಯ ಒಬ್ಬರ ನಂಬರು ಕೊಟ್ಟ. ಆ ಗಿರಾಕಿ ಫೋನಿನಲ್ಲಿ ಹತ್ತು ನಿಮಿಷ ಹೊಗಳಿದ. ಎರಡು ಮಾತಿಗೊಮ್ಮೆ ಕೆಮ್ಮಿದ. ಅಣ್ಣ ಅಲ್ಲೇ ಕೆಲಸ ಒಪ್ಪಿಸಿದ.

ವೀರೇಶ ತಂದಿದ್ದ ಮಾದರಿಯ ತುಂಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. “ಕಡೀಗೆ ಈ ಪಾಲಿಶ್ ಹೊಡೀತೀವ್ರಿ. ಮಾರಿ ನೋಡ್ಕೋಬೌದು,” ಅಂದ. ಅವರು ಗೇಟಿನ ಕಡೆ ಹೋದಾಗ ನಾನು ಅದರ ಮೇಲೆ ಚೊಂಬು ನೀರು ಸುರಿದು ಕಾಲಿಟ್ಟೆ. ಸರ್ರನೆ ಜಾರಿತು. ಕಟ್ಟೆ ಹಿಡಿಯದಿದ್ದರೆ ಹಲ್ಲು ಹೋಗುತ್ತಿತ್ತು.

ರಾತ್ರಿ ಊಟಕ್ಕೆ ಬಡಿಸುವಾಗ ಧೈರ್ಯ ಮಾಡಿದೆ. “ಅಣ್ಣಾ, ಆ ಪಾಲಿಶ್ ಬ್ಯಾಡ. ಅಜ್ಜಿ ಜಾರತಾಳ.”

“ಎಂಟನೇತ್ತಕ್ಕ ಸಾಲಿ ಬಿಟ್ಟಾಕಿ ನೀ, ಇಂಜಿನೇರ್ಕಿ ಮಾಡಬ್ಯಾಡ. ಪಲ್ಯ ಹಾಕು.”

ಪಲ್ಯ ಹಾಕಿದೆ.

ಅಪ್ಪ ಗ್ಯಾನಪ್ಪನದು ಇನ್ನೊಂದು ಹಟ. ಮನೆಯಲ್ಲಿ ಹೊಸದು ಏನೇ ಕಟ್ಟಿದರೂ ಮನುಷ್ಯರಿಗಿಂತ ಮೊದಲು ಆಕಳು ಅದನ್ನು ತುಳಿಯಬೇಕು. ಐನೋರನ್ನು ಕೇಳಿ ಶುಕ್ರವಾರ ಹತ್ತೂ ಇಪ್ಪತ್ತರ ಮುಹೂರ್ತ ತಂದ. ಮಂಗಳವಾರ ಬರುತ್ತೇನೆಂದ ವೀರೇಶ ಬಂದದ್ದು ಅದೇ ಶುಕ್ರವಾರ ಬೆಳಗಿನ ಆರಕ್ಕೆ, ನಾಲ್ಕು ಆಳುಗಳ ಜೊತೆ. ಅವರಲ್ಲೊಬ್ಬ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ. ಮಸ್ಕಿಯ ಗಿರಾಕಿ ನಮ್ಮ ಮನೆಯಲ್ಲಿ ಸಿಮೆಂಟು ಹೊರುತ್ತಿದ್ದ.

“ಹತ್ತರೊಳಗ ಗಟ್ಟಿ ಆಕ್ಕೈತೇನೋ ತಮ್ಮಾ?” ಅಪ್ಪ ಕೇಳಿದ.

“ನಂದು ಎರಡು ತಾಸಿಗೆ ಕಲ್ಲು ಆಗೋ ಮಾಲ್ರೀ ಯಜಮಾನ್ರ! ಆನಿ ನಡಸ್ರಿ ಬೇಕಾದ್ರ,” ಎಂದ ವೀರೇಶ. ಎಂಟಕ್ಕೆ ಅಚ್ಚು ಒತ್ತಿ ಮುಗಿಸಿ, ಆಳುಗಳನ್ನು ಕರೆದುಕೊಂಡು ನಾಷ್ಟಾಕ್ಕೆ ಹೋದ. ಅಣ್ಣ ರವಿವಾರ ಬರಲಿದ್ದ ಸಾಹೇಬರಿಗೆ ಫೋನಿನಲ್ಲಿ ದಾರಿ ಹೇಳುತ್ತ ಮಾಳಿಗೆ ಹತ್ತಿದ.

ಆನೆ ಇರಲಿಲ್ಲ, ಆಕಳಿತ್ತು. ಅದರ ಕೊಟ್ಟಿಗೆ ಕಟ್ಟೆಗೆ ಹತ್ತಿಯೇ ಇದೆ. ಅಪ್ಪ ಕೋಡಿಗೆ ಅರಿಷಿಣ ಹಚ್ಚಿ, ಗಡಿಯಾರ ನೋಡಿ, ಹಗ್ಗ ನನ್ನ ಕೈಗೆ ಕೊಟ್ಟ. “ನೀ ಕಟ್ಟಿ ಮ್ಯಾಲ ನಿಂತು ಐದs ಹೆಜ್ಜಿ ನಡಸಿ ಹಿಂದಕ್ಕ ತಾ, ಪೀರವ್ವ.” ತಾನು ಕಾಯಿ ಒಡೆಯಲು ಒಳಗೆ ಹೋದ.

ಮೊದಲ ಹೆಜ್ಜೆಗೇ ಗೊರಸು ಒಂದು ಬೆರಳು ಇಳಿಯಿತು. ನಾನು ನೋಡಿದೆ. ಆಕಳು ದಿನಾ ಹೊತ್ತೇರಿದ ಮೇಲೆ ಕೊಟ್ಟಿಗೆ ಬಿಟ್ಟು ಎಲ್ಲಿಗೆ ಹೋಗುತ್ತದೆಂಬುದು ನನಗೆ ಗೊತ್ತು. ನಳದ ಬುಡದಲ್ಲಿ ಅದು ನೀರು ಕುಡಿಯುವ ಕಲ್ಲಿನ ದೋಣಿ ಇದೆ. ಅಂದು ಪೂಜೆಯ ಗಡಿಬಿಡಿಯಲ್ಲಿ ಯಾರೂ ಅದಕ್ಕೆ ನೀರು ತೋರಿಸಿರಲಿಲ್ಲ. ಐದು ಹೆಜ್ಜೆಯಾಯಿತು. ಆಕಳು ಕತ್ತು ಚಾಚಿತು.

ಹಗ್ಗ ಜಾರಿತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಕಟ್ಟೆಯಿಂದ ನಳದವರೆಗೆ ಕಂದು ಬಣ್ಣದ ಹಾಸುಗಲ್ಲುಗಳ ನಡುವೆ ಗೊರಸಿನ ಗುರುತು ಸಾಲಾಗಿ ಮೂಡಿತು. ಆಕಳು ತಣ್ಣಗೆ ನೀರು ಕುಡಿಯಿತು. ನಾಷ್ಟಾ ಮುಗಿಸಿ ಬಂದ ವೀರೇಶ ತಲೆ ಮೇಲೆ ಕೈ ಹೊತ್ತ. ಅಣ್ಣ ಮಾಳಿಗೆ ಇಳಿದು ಬಂದು ಕೂಗಾಡಿದ. “ಯಾಕ್ ಒದರತೀಯೋ? ಆನಿ ನಡಸ್ರಿ ಅಂದಾವ ಅವನs,” ಅಂದ ಅಪ್ಪ, ಕೊಬ್ಬರಿ ತಿನ್ನುತ್ತ. ಸಾಹೇಬರು ಬಂದು ಹೋದ ಮೇಲೆ ಎಲ್ಲ ಒಡೆದು ಮತ್ತೆ ಹಾಕುವುದೆಂದು ತೀರ್ಮಾನವಾಯಿತು.

ರವಿವಾರ ಸಾಹೇಬರು ಕಾರಿನಿಂದ ಇಳಿದವರೇ ನಿಂತುಬಿಟ್ಟರು. “ಇದೇನ್ರೀ ಶಿವಪ್ರಸಾದ?”

ಅಂಗಳದ ಬಣ್ಣದ ಪುಡಿ ತೊಳೆಯಲು ಬಂದಿದ್ದ ವೀರೇಶ ಪೈಪು ಹಿಡಿದುಕೊಂಡೇ ಮುಂದೆ ಬಂದ. “ಗೋಪಾದ ಡಿಸೈನ್ರೀ ಸಾಹೇಬ್ರ. ಲಕ್ಷ್ಮಿ ಒಳಗ ಬಂದಂಗ. ಭಾಳ ಡಿಮ್ಯಾಂಡ್ ಐತ್ರಿ.”

ಗೊರಸಿನ ಗುರುತು ನೋಡಿದರೆ ಲಕ್ಷ್ಮಿ ಮನೆಯಿಂದ ನಳದ ಕಡೆ ಹೊರಟಿದ್ದಳು. ಅದನ್ನು ಯಾರೂ ಗಮನಿಸಲಿಲ್ಲ.

“ವಾಹ್! ಯಾರ ಐಡಿಯಾ?” ಸಾಹೇಬರು ಬೂಟು ಬಿಚ್ಚಿ ಫೋಟೋ ತೆಗೆದುಕೊಂಡರು.

“ನಂದs ಸರ್,” ಅಂದ ಅಣ್ಣ.

ಒಡೆಯುವ ಮಾತು ಅಲ್ಲಿಗೆ ನಿಂತಿತು. ಆದರೆ ಹದಿನೈದು ದಿನ ಬಿಟ್ಟು ವೀರೇಶ ಪಾಲಿಶಿನ ಡಬ್ಬಿ ಹಿಡಿದು ಬಂದ. ಅಜ್ಜಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಪಾಲಿಶಿನ ಕೆಲಸ ಮುಗಿಯಲಿ ಎಂದು ಕಾಂಕ್ರೀಟು ಬಿದ್ದ ದಿನದಿಂದ ಆಕೆಯನ್ನು ಇಳಿಯಗೊಟ್ಟಿರಲಿಲ್ಲ. ಮುಖ ತೊಳೆಯಲು ನಾನು ತಂಬಿಗೆ ಕೊಟ್ಟರೆ ಆಕೆ ಮಾತಾಡದೆ ಇಸಿದುಕೊಳ್ಳುತ್ತಿದ್ದಳು. ನಾನು ಅಣ್ಣನ ಹತ್ತಿರ ಹೋದೆ. ಅಜ್ಜಿಯ ಹೆಸರು ಎತ್ತಲಿಲ್ಲ.

“ಅಣ್ಣಾ, ಪಾಲಿಶ್ ಹೊಡದ್ರ ಗೊರಸಿನ ಕುಣಿ ತುಂಬಿ ಹೋಕ್ಕಾವೇನೋ. ಸಾಹೇಬ್ರು ಮತ್ತ ಬಂದ್ರ ಏನಂತಾರ?”

ಅಣ್ಣ ಗೊರಸಿನ ಸಾಲಿನ ಕಡೆ ನೋಡಿದ. ಆಮೇಲೆ ಕೂಗಿದ, “ಏ ವೀರೇಶ, ಡಬ್ಬಿ ಮುಚ್ಚಲೇ! ನನ್ನ ಡಿಸೈನ್ ಕೆಡಸ್ತೀ?”

ಮರುದಿನ ಬೆಳಿಗ್ಗೆ ಅಜ್ಜಿ ಕಟ್ಟೆ ಇಳಿದಳು. ಪಾದ ಆಚೆ ಈಚೆ ಆಡಿಸಿ ಮೊದಲ ಕುಣಿಯಲ್ಲಿ ಹೆಬ್ಬೆರಳು ಇಟ್ಟಳು. ಆಮೇಲೆ ಎರಡನೆಯದು, ಮೂರನೆಯದು. ನಳ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡು, “ಪೀರಿ, ಆಕಳಿಗೆ ಇವತ್ತರ ನೀರು ತೋರ್ಸಿಯೇನು?” ಅಂದಳು. ನಾನು ನಗುತ್ತ ಕೊಟ್ಟಿಗೆಯ ಕಡೆ ಹೋದೆ.

ಮುಂದಿನ ವಾರ ವೀರೇಶ ಅಪ್ಪನಿಗೆ ಫೋನು ಮಾಡಿದ. ಮಸ್ಕಿಯಲ್ಲಿ ಸಾಹೇಬರ ಬೀಗರ ಮನೆಯಲ್ಲಿ ಗೋಪಾದ ಡಿಸೈನೇ ಬೇಕಂತೆ, ಒಂದು ದಿನದ ಮಟ್ಟಿಗೆ ನಿಮ್ಮ ಆಕಳನ್ನು ಕಳಿಸುತ್ತೀರಾ ಎಂದು ಕೇಳಿದ. ಅಪ್ಪ ನನ್ನ ಕಡೆ ತಿರುಗಿದ. “ಏನಂತೀ ಪೀರವ್ವ?”

ನಮ್ಮ ಮನೆಯಲ್ಲಿ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

“ಬ್ಯಾಡಪ್ಪ,” ಅಂದೆ. “ಆ ಮನ್ಯಾಗ ನಳ ಎಲ್ಲೈತೋ ನಮ್ಮ ಆಕಳಿಗೆ ಗೊತ್ತಿಲ್ಲ.”