ಮೊದಲು ಎದ್ದ ಕೈ

ನಮ್ಮ ಶಾಲೆಯಲ್ಲಿ ಬೆಂಚಿಲ್ಲ, ಗಂಟೆಯಿಲ್ಲ, ಹೆಡ್‌ಮಾಸ್ಟರೂ ಇಲ್ಲ. ಕಕ್ಕಸು ಮಾತ್ರ ಹತ್ತಿವೆ. ಆರು ವರ್ಷ ಆ ಹತ್ತನ್ನೂ ತೊಳೆದವಳು ನಮ್ಮ ಆಯಾ. ಆಸಿಡ್ಡಿಗೆ ಅವಳ ಉಗುರುಗಳೆಲ್ಲ ಹಳದಿಯಾಗಿ ಸೀಳಿಹೋಗಿದ್ದವು. ನಾನು ಅಲ್ಲಿ ಅಡುಗೆಯವಳು. ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಶಾಲೆ ನಡೆಸುವವರನ್ನು ಸಾರ್ ಅನ್ನುವಂತಿಲ್ಲ, ದೊಡ್ಡಣ್ಣ ಅನ್ನಬೇಕು. ಸೋಮವಾರ ಬೆಳಿಗ್ಗೆ ಮೇಷ್ಟ್ರು, ಮಕ್ಕಳು, ಆಯಾ, ನಾನು ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂರಬೇಕು. ಎಲ್ಲರೂ ಕೈ ಎತ್ತಿದರೆ ಮಾತ್ರ ತೀರ್ಮಾನ. ಒಬ್ಬರು ಒಲ್ಲೆ ಎಂದರೂ ಅದು ಬಿದ್ದುಹೋಗುತ್ತದೆ. ಎಲ್ಲೇ ಹೋದರೂ ಬಾಗಿಲ ಹೊರಗೇ ನಿಂತು ಬಂದವಳು ಆಯಾ. ಇಲ್ಲಿ ಕೂರಲು ಚಾಪೆ ಸಿಕ್ಕಿತಲ್ಲ ಎಂದು ಸೋಮವಾರಕ್ಕೆಂದೇ ಒಂದು ಸೀರೆ ಎತ್ತಿಟ್ಟಿದ್ದಳು, ಪಾಪ.

ಅವಳ ಮಗಳಿಗೆ ಮಾತು ತೊದಲು. ಎರಡು ಶಾಲೆಗಳಲ್ಲಿ ಅಣಕಿಸಿ, ಅಳಿಸಿ ಮನೆಗೆ ಅಟ್ಟಿದ್ದರು. ಇಲ್ಲಿ ಆ ಹುಡುಗಿ ಬಾಯಿ ಬಿಟ್ಟಳು. ಕೆಲಸದವರ ಮಕ್ಕಳಿಗೆ ಇಲ್ಲಿ ಫೀಸಿಲ್ಲ. ಆಯಾ ಕೆಲಸ ಕಚ್ಚಿಕೊಂಡಿದ್ದು ಅದಕ್ಕೇ.

ಆ ಸೋಮವಾರ ದೊಡ್ಡಣ್ಣ ಹೇಳಿದರು: "ಶಾಲೆ ನಡೆಸೋ ರೀತೀನೇ ಬದಲಾಯಿಸ್ಬೇಕು ಅಂತಿದೀವಿ. ನಮ್ಮ ಗಲೀಜನ್ನ ಇನ್ನೊಬ್ಬರ ಕೈಲಿ ತೊಳೆಸೋದು ತಪ್ಪಲ್ವಾ? ಇನ್ಮೇಲೆ ಮಕ್ಕಳೂ ನಾವೂ ಸೇರಿ ತೊಳ್ಕೊಳ್ಳೋಣ. ಒಪ್ಪಿಗೆ ಇದ್ರೆ ಕೈ ಎತ್ತಿ."

ಎಲ್ಲರಿಗಿಂತ ಮೊದಲು ಎದ್ದದ್ದು ಆಯಾಳ ಕೈ. "ಕೇಳಿದ್ಯೇನೇ? ನನ್ ಕಷ್ಟ ಇವ್ರಿಗೆ ಗೊತ್ತಾಯ್ತು ಕಣೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳ ಮಗಳೂ ಎತ್ತಿದಳು. ನಾನೂ ಎತ್ತಿದೆ. ನನ್ನ ಕೈಗಿಷ್ಟು ಬೆಂಕಿ ಬೀಳಲಿ.

ಶನಿವಾರ ಅವಳನ್ನು ಆಫೀಸಿಗೆ ಕರೆದರು. ಹೊರಗೆ ಬಂದವಳೇ ನೀರಿನ ತೊಟ್ಟಿಯ ಹತ್ತಿರ ಕುಸಿದು ಕೂತಳು.

"ಇನ್ನು ಬರೋದು ಬೇಡ್ವಂತೆ ಕಣೆ."

"ಯಾರು ಹೇಳಿದ್ದು?"

"ನಾನೇ ಅಂತೆ. ನೀವೇ ಮೊದಲು ಕೈ ಎತ್ತಿದ್ರಲ್ಲಮ್ಮ ಅಂದ್ರು. ನನ್ ಜೊತೆ ಕೆಲ್ಸ ಹಂಚ್ಕೊತಾರೆ ಅನ್ಕೊಂಡೆ ಕಣೆ ನಾನು. ಮಗೂದೂ ಇವತ್ತಿಗೇ ಕೊನೆಯಂತೆ."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದರು, ಅದೂ ಅವಳ ಕೈಯಿಂದಲೇ.

ಸೋಮವಾರ ನಾನು ಒಲೆ ಹಚ್ಚಲಿಲ್ಲ. ತಾಯಿ ಮಗಳಿಬ್ಬರನ್ನೂ ಕೈ ಹಿಡಿದು ಕರೆತಂದು ಚಾಪೆಯ ಮೇಲೆ ಕೂರಿಸಿದೆ.

"ಅದೇ ಮಾತನ್ನ ಬಿಡಿಸಿ ಕೇಳಿ ದೊಡ್ಡಣ್ಣ. ಆಯಾ ಬೇಡ ಅನ್ನೋರು ಕೈ ಎತ್ತಿ ಅನ್ನಿ. ಯಾರ್ಯಾರು ಎತ್ತಾರೆ ನೋಡೋಣ."

ಹುಡುಗಿ ಎದ್ದು ನಿಂತಳು. ತುಟಿ ಅದುರಿತು. ಮಕ್ಕಳು ನಗಲಿಲ್ಲ, ಅವಳ ಮಾತು ಹೊರಡುವವರೆಗೂ ಕಾದರು.

"ನ... ನ... ನಾನು ಒ... ಒಪ್ಪಲ್ಲ."

ದೊಡ್ಡಣ್ಣ ಕನ್ನಡಕ ತೆಗೆದು ಒರೆಸಿದರು. ದನಿ ಯಾವತ್ತಿನ ಹಾಗೆ ಮೆತ್ತಗೇ ಇತ್ತು.

"ಪುಟ್ಟಿ, ಇಲ್ಲಿ ಮಾತಾಡೋದು ಶಾಲೆಯವರು ಅಲ್ವಾ? ನೀನೀಗ ಶಾಲೆಯವಳಲ್ಲಮ್ಮ."

"ನಾನಿನ್ನೂ ಶಾಲೆಯವಳೇ. ನಾನೂ ಒಪ್ಪಲ್ಲ" ಎಂದೆ.

"ನಿಮಗೆ ಅಡುಗೆಗೆ ಹೊತ್ತಾಯ್ತು. ಸಭೆ ಮುಗೀತು" ಎಂದು ಅವರು ಎದ್ದರು. ಮೇಷ್ಟ್ರುಗಳೂ ತಲೆ ತಗ್ಗಿಸಿಕೊಂಡು ಎದ್ದರು.

ಮಕ್ಕಳು ಒಬ್ಬರೂ ಏಳಲಿಲ್ಲ. ಆಯಾ ಅವರ ನಡುವೆ ಸೋಮವಾರದ ಸೀರೆಯಲ್ಲಿ ಕೂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ, ಎಡಗೈಯಿಂದ ಅದುಮಿ ಹಿಡಿದುಕೊಂಡಿದ್ದಳು.